ಮಳೆನೀರನ್ನು ಕಸದ ಡಬ್ಬಿಗೆ ಸುರಿಸಿದವರಿಗೆ

ಹಡಗು ಕಂಪನಿಯಲ್ಲಿ ಪ್ರಯಾಣಿಕರ ಭದ್ರತೆಯ ಹೊಣೆ ಹೊತ್ತ ಮಾನ್ಯರೇ,

ನಿಮ್ಮ ಕಾವಲುಗಾರನ ಮುಂದಿನ ಎರಡು ಹಲ್ಲು ಉದುರಿಸಿದವನ ಹೆಂಡತಿ ನಾನು. ಕ್ಷಮೆ ಕೇಳಲು ಬರೆಯುತ್ತಿದ್ದೇನೆಂದು ಖುಷಿಪಡಬೇಡಿ. ಹಲ್ಲು ಕಳೆದುಕೊಂಡ ಆ ಮನುಷ್ಯನನ್ನೇ ನೀವು ಕೆಲಸದಿಂದ ಕಿತ್ತುಹಾಕಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಾವು ಹಡಗು ಹತ್ತುವ ಮುಂಚೆಯೇ ನಮ್ಮ ಕುಡಿಯುವ ನೀರನ್ನು ಕಸದ ಡಬ್ಬಿಗೆ ಸುರಿಸಿದಿರಿ. ಕಾಯಿಲೆಯವನನ್ನು ನೆಲಕ್ಕೆ ಕೆಡವಿ ಅವನ ಮೇಲೆ ನಾಲ್ಕು ಗಂಡಸರನ್ನು ಕೂರಿಸಿದಿರಿ. ಆಮೇಲೆ ಪತ್ರಿಕೆಗಳಿಗೆ ಒಂದು ಹೇಳಿಕೆ ಕೊಟ್ಟು, ನಡೆದದ್ದನ್ನೆಲ್ಲ ಸೆಮಿಸಿ ಎಂಬ ಆ ಕಾವಲುಗಾರನೊಬ್ಬನ ತಲೆಗೆ ಕಟ್ಟಿ ಕೈ ತೊಳೆದುಕೊಂಡಿರಿ. ಕೈ ತೊಳೆಯಲು ನಿಮಗೆ ನೀರಿನ ಕೊರತೆ ಇರಲಿಲ್ಲವಲ್ಲ!

ನೀರಿಗಾಗಿ ಯಾರಾದರೂ ಹೊಡೆದಾಡುತ್ತಾರೆಯೇ ಎಂದು ನೀವು ಹುಬ್ಬೇರಿಸಬಹುದು. ನಮ್ಮಲ್ಲಿ ಹೊಡೆದಾಡುತ್ತಾರೆ. ನಾವು ದಕ್ಷಿಣ ಆಸ್ಟ್ರೇಲಿಯಾದ ಗೋಧಿ ಸೀಮೆಯವರು. ಛಾವಣಿಯ ಮೇಲೆ ಬಿದ್ದ ಮಳೆ ತಗಡಿನ ಟ್ಯಾಂಕಿಗೆ ಇಳಿಯುತ್ತದೆ, ಟ್ಯಾಂಕಿನಿಂದ ನಮ್ಮ ಲೋಟಕ್ಕೆ ಬರುತ್ತದೆ. ಕೊಳವೆಯಲ್ಲಿ ಬರುವ ಉಪ್ಪುಪ್ಪು ನೀರು ಕುರಿಗಳಿಗೆ. ನೆಂಟರ ಮನೆಗೆ ಉಳಿಯಲು ಹೊರಟರೆ ಕೇಕಿನ ಜೊತೆಗೆ ಒಂದು ಕ್ಯಾನ್ ನೀರನ್ನೂ ಕಾರಿಗೆ ಏರಿಸುತ್ತೇವೆ, ಅವರ ಟ್ಯಾಂಕಿನ ಮೇಲೆ ನಮ್ಮ ಭಾರ ಬೀಳಬಾರದು ಎಂದು. ಕೇಕು ಮರೆತರೆ ಯಾರೂ ಏನೂ ಅನ್ನುವುದಿಲ್ಲ. ನೀರು ಮರೆತವರನ್ನು ಮುಂದಿನ ಸಲ ಕರೆಯುವುದಿಲ್ಲ. ನನ್ನ ಅತ್ತೆ ತನ್ನ ಒಡಹುಟ್ಟಿದ ತಂಗಿಯೊಡನೆ ಸಾಯುವ ತನಕ ಮಾತು ಬಿಟ್ಟದ್ದೂ ಇದಕ್ಕೇ. ಆ ಮಹಾತಾಯಿ ಕ್ರಿಸ್‌ಮಸ್ಸಿಗೆ ಬರಿಗೈಯಲ್ಲಿ ಬಂದು, ಅತ್ತೆಯ ಟ್ಯಾಂಕಿನ ನೀರಿನಲ್ಲಿ ತಲೆಕೂದಲು ತೊಳೆದಿದ್ದಳು. ನನ್ನ ಮಾವ ಒಂದು ನಾಯಿಗೂ ಏಟು ಹಾಕಿದವರಲ್ಲ. ಅಂಥವರು, ನಲ್ಲಿ ತೆರೆದಿಟ್ಟು ಆಟಕ್ಕೆ ಓಡಿದ ಮಗನಿಗೆ ಬೆಲ್ಟು ಬಿಚ್ಚಿ ಬಾಸುಂಡೆ ಬರುವ ಹಾಗೆ ಬಾರಿಸಿದ್ದರು. ಆ ಮಗನೇ ನನ್ನ ಗಂಡ ನೆವಿಲ್. ಎಪ್ಪತ್ತು ದಾಟಿದೆ, ಊರಿಗೆಲ್ಲ ನೆವ್.

ಕಳೆದ ವರ್ಷ ನೆವ್‌ಗೆ ಕರುಳಿನ ಕ್ಯಾನ್ಸರ್ ಎಂದರು. ಕೀಮೋ ಶುರುವಾದ ಮೇಲೆ ಅವನ ಬಾಯಿ ಕೆಟ್ಟಿತು. ಏನು ಕುಡಿದರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗಾಗುತ್ತದೆ ಎನ್ನುತ್ತಿದ್ದ. ಆಸ್ಪತ್ರೆಯ ನೀರು ಕುಡಿಸಿದರೆ ವಾಂತಿ, ಅಂಗಡಿಯ ಬಾಟಲಿ ನೀರು ಕುಡಿಸಿದರೂ ವಾಂತಿ. ನಮ್ಮ ಟ್ಯಾಂಕಿನ ನೀರೊಂದು ಮಾತ್ರ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಯಾಕೆಂದು ವೈದ್ಯರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿದ್ದುದು ಇಷ್ಟೇ: ಆ ನೀರಿದ್ದರೆ ನನ್ನ ಗಂಡ ನೀರು ಕುಡಿಯುತ್ತಾನೆ, ಇಲ್ಲದಿದ್ದರೆ ಒಣಗುತ್ತಾನೆ. ಅಡಿಲೇಡಿನ ಆಸ್ಪತ್ರೆಗೆ ನಾನು ಕ್ಯಾನುಗಟ್ಟಲೆ ಹೊತ್ತಿದ್ದೇನೆ. ಅಲ್ಲಿ ಯಾರೂ ನನ್ನನ್ನು ಕಳ್ಳಿಯ ಹಾಗೆ ನೋಡಲಿಲ್ಲ.

ಎರಡು ಸುತ್ತಿನ ಚಿಕಿತ್ಸೆಯ ನಡುವೆ ಬಿಡುವು ಸಿಕ್ಕಿತು. ಅಪ್ಪ ಒಮ್ಮೆಯಾದರೂ ನಡುಸಮುದ್ರ ನೋಡಲಿ ಎಂದು ಮಗಳು, ದೂರದ ಬಂದರಿನಿಂದ ಹೊರಡುವ ನಿಮ್ಮ ಹಡಗಿನಲ್ಲಿ ನುಮಿಯಾ, ವಿಲಾ ಎಂಬ ಪೆಸಿಫಿಕ್ ದ್ವೀಪಗಳ ಊರುಗಳ ಕಡೆಗೆ ಟಿಕೆಟ್ ಮಾಡಿಸಿದಳು. ಹೊರಗಿನ ನೀರು ತರಬಾರದೆಂಬ ನಿಮ್ಮ ನಿಯಮ ನಾವು ಓದಿರಲಿಲ್ಲವೇ? ಓದಿದ್ದೆವು. ಓದಿಯೇ ನಿಮ್ಮ ಕಚೇರಿಗೆ ಫೋನು ಮಾಡಿದ್ದೆ. "ಕಾಯಿಲೆಯವರಿಗೆ ಅಂದ್ರೆ ತನ್ನಿ ಅಮ್ಮಾ, ಗೇಟಲ್ಲಿ ಹೇಳಿದ್ರೆ ಸಾಕು," ಎಂದು ಒಬ್ಬಳು ಜೇನಿನಂಥ ದನಿಯಲ್ಲಿ ಹೇಳಿದಳು. ಆ ದನಿಯನ್ನು ಈಗ ಎಲ್ಲಿ ಬಚ್ಚಿಟ್ಟಿದ್ದೀರಿ ಮಾನ್ಯರೇ?

ಹೊರಡುವ ದಿನ ನೆವ್ ಅಡುಗೆಮನೆಯ ಮೇಜಿನ ಮೇಲೆ ಖಾಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ತುಂಬಿಸುತ್ತಿದ್ದ. ತನಗೆ ಬೇಕಾದ್ದಕ್ಕಿಂತ ಹೆಚ್ಚೇ ತುಂಬಿಸುತ್ತಿದ್ದ.

"ನಂಗೂ ಯಾಕೋ? ನಾನು ಹಡಗಿನ ನೀರೇ ಕುಡೀತೀನಿ ಬಿಡು," ಎಂದೆ.

"ಎರಡು ಸಾವಿರ ಜನ ನೆಂಟ್ರು ಒಟ್ಟಿಗೆ ಬಂದು ಕೂತ್ರೆ ಯಾವ ಮನೇಲಿ ನೀರು ಸಾಲತ್ತೆ ಗ್ವೆಂಡಾ? ನಮ್ದು ನಾವು ತಗೊಂಡು ಹೋಗೋಣ. ಮರ್ಯಾದೆ ಅಂತ ಒಂದಿರಲ್ವಾ?"

ನಿಮ್ಮ ಹಡಗಿಗೆ ನನ್ನ ಗಂಡ ತೋರಿಸಿದ ಮರ್ಯಾದೆ ಅದು. ಕೊಯ್ಲಿನ ಹೊಲಕ್ಕೆ ನೀರು ಒಯ್ಯುವಾಗ ಧೂಳು ಹೋಗದಿರಲೆಂದು ಮುಚ್ಚಳಗಳಿಗೆ ಕಪ್ಪು ಟೇಪು ಸುತ್ತುವುದು ನಮ್ಮ ರೂಢಿ. ಅದನ್ನೂ ಅಚ್ಚುಕಟ್ಟಾಗಿ ಮಾಡಿದ. ಅಲ್ಲೇ ಎಡವಟ್ಟಾಯಿತು. ಏಕೆಂದರೆ ನಿಮ್ಮ ಲೋಕದಲ್ಲಿ ಟೇಪು ಸುತ್ತಿದ ಬಾಟಲಿ ಎಂದರೆ ವೋಡ್ಕಾ. ನಿಮ್ಮ ಬಾರಿನಲ್ಲಿ ಒಂದು ಲೋಟಕ್ಕೆ ಕೇಳುವ ಬೆಲೆಗೆ ಹೆದರಿ, ನೀರಿನ ಬಾಟಲಿಗಳಲ್ಲಿ ವೋಡ್ಕಾ ತುಂಬಿ ತರುವ ಪುಣ್ಯಾತ್ಮರು ಈ ದೇಶದಲ್ಲಿ ಹೇರಳವಾಗಿದ್ದಾರೆ. ಅವರನ್ನು ಹಿಡಿಯಲು ನಿಮಗೊಂದು ಪಡೆಯೇ ಇದೆ. ಹಿಡಿಯಿರಿ, ಬೇಡವೆಂದವರು ಯಾರು? ಆದರೆ ವೋಡ್ಕಾಗೂ ನೀರಿಗೂ ವ್ಯತ್ಯಾಸ ಕಂಡುಹಿಡಿಯಲು ದೇವರು ನಿಮಗೆ ಮೂಗು ಕೊಟ್ಟಿಲ್ಲವೇ?

ಸೆಮಿಸಿಗೆ ಕೊಟ್ಟಿದ್ದ. ಆತ ಟೋಂಗಾ ದ್ವೀಪದೇಶದವನು, ಮೂವತ್ತು ದಾಟಿದ ಆಜಾನುಬಾಹು. ಬಂದರಿನ ಗೇಟಿನಲ್ಲಿ ನಮ್ಮ ಒಂದು ಬಾಟಲಿಯ ಟೇಪು ಬಿಚ್ಚಿ ಮೂಸಿದ. ಇನ್ನೊಂದನ್ನು ಮೂಸಿದ. ನಾನು ಕಾಯಿಲೆಯ ವಿಷಯ ಹೇಳಿದೆ, ತಲೆಯಾಡಿಸಿದ. ಹಿಂದೆ ನಿಂತಿದ್ದ ತನ್ನ ಮೇಲ್ವಿಚಾರಕನಿಗೆ, "ನೀರು ಸಾರ್. ಮಳೆನೀರು. ಯಜಮಾನ್ರಿಗೆ ಹುಷಾರಿಲ್ವಂತೆ," ಎಂದ.

ಬಿಳಿ ಅಂಗಿಯ ಆ ಮೇಲ್ವಿಚಾರಕ ಕತ್ತನ್ನೂ ತಿರುಗಿಸಲಿಲ್ಲ. "ಏನಾದ್ರೂ ಆಗ್ಲಿ. ಸುರಿ."

"ಸಾರ್, ಔಷಧಿ ಲೆಕ್ಕದಲ್ಲಿ..."

"ಕಿವಿ ಕೇಳ್ಸಲ್ವಾ? ಸುರಿ ಅಂದೆ. ಕ್ಯೂ ಬಾಗಿಲಾಚೆ ಹೋಗಿದೆ. ಇಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಅವನು ಸುರಿದ. ಪಕ್ಕದಲ್ಲಿದ್ದ ಹಳದಿ ಡಬ್ಬಿಯಲ್ಲಿ ಯಾರದೋ ಅರ್ಧ ತಿಂದ ಬರ್ಗರ್ ಇತ್ತು, ಅದರ ಮೇಲೆ ನಮ್ಮ ಛಾವಣಿಯ ಮಳೆ ಬಿತ್ತು. ಎರಡನೆಯದೂ ಹೋಯಿತು. "ಒಂದೆರಡು ಉಳ್ಸಪ್ಪಾ," ಎಂದ ನೆವ್. ನನ್ನ ಗಂಡ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂರನೆಯ ಬಾಟಲಿ ಬಗ್ಗಿತು.

"ನಿಲ್ಸು ಮೇಟ್," ಎಂದ ನೆವ್.

ನಮ್ಮ ಕಡೆ ಗೊತ್ತಿಲ್ಲದವನನ್ನು ಗೆಳೆಯಾ ಎಂಬಂತೆ 'ಮೇಟ್' ಎನ್ನುವುದು ಎರಡೇ ಹೊತ್ತಿನಲ್ಲಿ, ಬಿಯರ್ ಕೊಡಿಸುವಾಗ ಮತ್ತು ಹೊಡೆಯುವ ಮುಂಚೆ. ಅಲ್ಲಿ ಬಿಯರ್ ಇರಲಿಲ್ಲ. ಕುರಿ ಉಣ್ಣೆ ಕತ್ತರಿಸಿ ಹುರಿಗೊಂಡ ತೋಳು ಅದು, ಕ್ಯಾನ್ಸರ್ ಅದನ್ನಿನ್ನೂ ಪೂರ್ತಿ ತಿಂದಿಲ್ಲ. ಏಟು ಸೆಮಿಸಿಯ ಬಾಯಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿಸಿತು, ಅವನ ಗದ್ದದಿಂದ ಅಂಗಿಯ ಮೇಲೆಲ್ಲ ರಕ್ತ ಸುರಿಯಿತು. ಸುಳ್ಳು ಹೇಳಲಾರೆ ಮಾನ್ಯರೇ, ಆ ಗಳಿಗೆಯಲ್ಲಿ ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ನಿಮ್ಮವರ ಶೌರ್ಯ ಶುರುವಾಯಿತು. ಮೂವರು ಹಾರಿ ಬಂದು ನೆವ್‌ನನ್ನು ಬೋರಲು ಕೆಡವಿದರು, ಮುಖ ನೆಲಕ್ಕೆ ಬಡಿದು ಹುಬ್ಬು ಸೀಳಿತು. ತಿರುಗಿಸಿ ಅಂಗಾತ ಮಲಗಿಸಿದರು. ಒಬ್ಬ ಕಾಲ ಮೇಲೆ ಕೂತ, ಇಬ್ಬರು ತೋಳು ತುಳಿದು ನಿಂತರು. ಬಿಳಿ ಅಂಗಿಯ ಮಹಾಶಯರು ನಿಧಾನವಾಗಿ ಬಂದು ತಮ್ಮ ಮಂಡಿಯನ್ನು ನನ್ನ ಗಂಡನ ಎದೆಯ ಮೇಲೆ ಊರಿದರು. ಕೀಮೋ ಔಷಧಿ ಹಾಕಲೆಂದು ಅಲ್ಲಿ, ಕೊರಳೆಲುಬಿನ ಕೆಳಗೆ, ಚರ್ಮದೊಳಗೆ ಒಂದು ಪುಟ್ಟ ಬಿಲ್ಲೆ ಹುದುಗಿಸಿದ್ದಾರೆ. ಅದರಿಂದ ಒಂದು ಕೊಳವೆ ಹೃದಯದ ಹತ್ತಿರದ ನರಕ್ಕೆ ಹೋಗುತ್ತದೆ. ಮಂಡಿ ಸರಿಯಾಗಿ ಅದರ ಮೇಲೇ ಇತ್ತು. ನೆವ್ ಕಿರುಚಿದ. ಕಡಿಯಲು ಹಿಡಿದ ಟಗರು ಕೂಡ ಹಾಗೆ ಕಿರುಚಿದ್ದನ್ನು ನಾನು ಕೇಳಿಲ್ಲ. ಅಂಗಿಯ ಮೇಲೆ ಕೆಂಪು ಹರಡತೊಡಗಿತು.

"ಎದೇಲಿ ಮೆಷಿನ್ನಿದೆ, ಏಳ್ರೋ, ಸಾಯ್ತಾನೆ!" ಎಂದು ಬೊಬ್ಬೆ ಹಾಕಿದೆ. ಕ್ಯೂನಲ್ಲಿದ್ದ ಹೂವಿನ ಅಂಗಿಯವನೊಬ್ಬ ಫೋನಿನಲ್ಲಿ ಚಿತ್ರ ತೆಗೆಯುತ್ತ, "ಒದೀರಿ ಒದೀರಿ, ಮುದುಕ ಎಣ್ಣೆ ಹೊಡ್ದಿದಾನೆ," ಎಂದು ನಕ್ಕ. ಬಿಳಿ ಅಂಗಿಯವರು ಏಳಲಿಲ್ಲ. "ಅಲ್ಲಾಡಬೇಡ," ಎನ್ನುತ್ತ ಇನ್ನೂ ಒತ್ತಿದರು. ನಾನು ಬಗ್ಗಿ ಅವರ ಮುಂಗೈಗೆ ಬಾಯಿ ಹಾಕಿದೆ. ನನ್ನ ಕೆಳಗಿನ ಹಲ್ಲುಗಳು ಕಟ್ಟಿಸಿದವು, ಮೇಲಿನವು ಹುಟ್ಟಿನವು, ಎರಡೂ ಒಮ್ಮತದಿಂದ ಕೆಲಸ ಮಾಡಿದವು. ಆದರೂ ಮಂಡಿ ಏಳಲಿಲ್ಲ.

ಎಬ್ಬಿಸಿದವನು ಸೆಮಿಸಿ. ಬಾಯಿಯಿಂದ ರಕ್ತ ಉಗುಳುತ್ತ ಬಂದು, ತನ್ನ ಮೇಲ್ವಿಚಾರಕನ ಕೊರಳಪಟ್ಟಿ ಹಿಡಿದು, ಹಿಟ್ಟಿನ ಚೀಲ ಎತ್ತಿ ಎಸೆದ ಹಾಗೆ ಎಸೆದ. ಆ ಮನುಷ್ಯ ಹೋಗಿ ಹಳದಿ ಡಬ್ಬಿಗೆ ಬಡಿದು, ಡಬ್ಬಿ ಸಮೇತ ಉರುಳಿದ. ಆಮೇಲೆ ಸೆಮಿಸಿ ನೆವ್‌ನ ಪಕ್ಕ ಕೂತು, ಎದೆಯ ಗಾಯಕ್ಕೆ ತನ್ನ ಅಂಗಿ ಒತ್ತಿ ಹಿಡಿದ. ಆಂಬುಲೆನ್ಸ್ ಬರುವ ತನಕ ಕೈ ತೆಗೆಯಲಿಲ್ಲ. ಅದೇ ಕೈಯನ್ನು ನಿಮ್ಮ ಹೇಳಿಕೆ 'ಮೇಲಧಿಕಾರಿಯ ಮೇಲೆ ಎತ್ತಿದ ಕೈ' ಎಂದು ಕರೆಯುತ್ತದೆ.

ಬಿಲ್ಲೆ ಕಿತ್ತು ಬಂದಿತ್ತು. ಕೊಯ್ದು ತೆಗೆದರು. ಗಾಯಕ್ಕೆ ಕೀವು ಹತ್ತಿತು. ಕೀಮೋ ಮುಂದಕ್ಕೆ ಹೋಯಿತು, ಇನ್ನೂ ಶುರುವಾಗಿಲ್ಲ. ಆ ನಡುವೆ ಅವನ ಹೊಟ್ಟೆಯೊಳಗಿನ ಗಡ್ಡೆ ನಿಮ್ಮ ವಿಚಾರಣೆಯ ವರದಿಗಾಗಿ ಕಾಯುತ್ತ ಕೂತಿರುತ್ತದೆಯೇ? ಆ ಬಂದರಿನ ಊರಿನ ಆಸ್ಪತ್ರೆಯಲ್ಲಿ ನನ್ನ ಗಂಡ ಯಾವ ನೀರೂ ಒಲ್ಲೆನೆಂದು ಮಲಗಿದ್ದ, ನರದಲ್ಲಿ ಸೂಜಿ ಚುಚ್ಚಿ ಬದುಕಿಸಿದರು. ನಮ್ಮ ಟ್ಯಾಂಕು ಅರ್ಧ ದೇಶದಾಚೆ ಇತ್ತು.

ಒಂದು ಮಧ್ಯಾಹ್ನ ಸೆಮಿಸಿ ಬಂದ. ತುಟಿ ಇನ್ನೂ ಊದಿತ್ತು, ಕೈಯಲ್ಲೊಂದು ಕ್ಯಾನ್ ಇತ್ತು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ಇನ್ನೂ ಏನು ಸುರಿಯಲು ಬಂದೆ ಎಂದು ಕೇಳಿದೆ.

"ಅಮ್ಮಾ, ಒಳಗೆ ಬಿಡಿ. ಅತ್ತೆ ಮನೆ ಟ್ಯಾಂಕಿಂದು, ಮಳೆನೀರು," ಎಂದ. ಹಲ್ಲಿನ ಸಂದಿಯಿಂದ ಗಾಳಿ ನುಗ್ಗಿ ಮಾತು ಸಿಳ್ಳೆಯಾಗುತ್ತಿತ್ತು. "ನಮ್ಮ ಹಾಪಾಯ್ ದ್ವೀಪದಲ್ಲೂ ಇದೇ ಅಮ್ಮಾ, ಬಾವಿ ತೋಡಿದ್ರೆ ಉಪ್ಪು. ಚೆಲ್ಲಿದ್ರೆ ನಮ್ಮಜ್ಜಿ ಚರ್ಮ ಸುಲೀತಿದ್ಲು. ಯಜಮಾನ್ರು ಹೊಡೆದಾಗ, ಏನು ಹೇಳ್ಲಿ, ಅಜ್ಜೀನೇ ಹೊಡೆದ ಹಂಗಾಯ್ತು."

ನೆವ್ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ನಾನು ಬೋಗುಣಿ ಹಿಡಿದು ನಿಂತೆ. ಅವನು ನುಂಗಿದ. ಇನ್ನೊಂದು ಗುಟುಕು ಕುಡಿದ. ಬಂದ ದಿನದಿಂದ ಅವನ ಗಂಟಲಿಂದ ಇಳಿದ ಮೊದಲ ನೀರು ಅದು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

"ನಿನ್ ಅತ್ತೆ ಮನೆ ಛಾವಣಿ ನೀರು ಹರಿಯೋ ದೋಣೀಲಿ ಎಲೆ ಕೊಳೀತಿದೆ ಕಣೋ, ರುಚೀಲೇ ಗೊತ್ತಾಗತ್ತೆ," ಎಂದ ನೆವ್. "ಹತ್ತಿ ಬಾಚಿ ತೆಗಿ. ಎಷ್ಟು ದಪ್ಪ ಇದ್ದೀಯ, ಏಣಿ ತಡಿಯತ್ತೇನೋ?"

"ಹೂಂ ಯಜಮಾನ್ರೇ. ಈಗ ಪುರುಸೊತ್ತೇ ಪುರುಸೊತ್ತು. ಕೆಲಸ ಹೋಯ್ತಲ್ಲ."

ಆಗಲೇ ನಮಗೆ ಗೊತ್ತಾದದ್ದು. ನೀರು ಸುರಿದದ್ದು ಸಿಬ್ಬಂದಿಯೊಬ್ಬನ 'ವೈಯಕ್ತಿಕ ನಿರ್ಧಾರ'ವಂತೆ, ಯಾರೂ ಆಜ್ಞೆ ಕೊಟ್ಟಿರಲಿಲ್ಲವಂತೆ. ಮಂಡಿಯ ಬಗ್ಗೆ ನಿಮ್ಮ ಹೇಳಿಕೆಯಲ್ಲಿ ಒಂದಕ್ಷರವಿಲ್ಲ. ಆ ಮಂಡಿಯ ಒಡೆಯರು ಈಗ ಹೊಸಬರಿಗೆ, ಸಿಟ್ಟಿಗೆದ್ದ ಪ್ರಯಾಣಿಕರನ್ನು ಸಮಾಧಾನಪಡಿಸುವುದು ಹೇಗೆಂದು ತರಬೇತಿ ಕೊಡುತ್ತಿದ್ದಾರಂತೆ. ಒಳ್ಳೆಯ ಆಯ್ಕೆ! ಎದೆಯ ಮೇಲೆ ಕೂತರೆ ಎಂಥವನೂ ಸಮಾಧಾನಗೊಳ್ಳುತ್ತಾನೆ, ಕೆಲವರು ಶಾಶ್ವತವಾಗಿ. ಆಜ್ಞೆ ಕೊಟ್ಟವನಿಗೆ ಬಡ್ತಿ, ಪಾಲಿಸಿದವನಿಗೆ ಬೀದಿ. ಒಂದು ಜೀವ ಉಳಿಸಿದ ಅಪರಾಧಕ್ಕೆ ನಿಮ್ಮ ನಿಯಮಪುಸ್ತಕದಲ್ಲಿ ಇದಕ್ಕಿಂತ ಸಣ್ಣ ಶಿಕ್ಷೆ ಇರಲಿಲ್ಲವೇ? ಮೂರು ಮಕ್ಕಳ ಆ ತಂದೆಯನ್ನು ಇನ್ನು ಯಾವ ಬಂದರು ಕಾವಲಿಗೆ ಇಟ್ಟುಕೊಳ್ಳುತ್ತದೆ? ನಿಮ್ಮ ಮೇಲೆ ನನಗೆ ಬರುತ್ತಿರುವ ಸಿಟ್ಟನ್ನು ಪತ್ರಿಕೆಗೂ ಕಳಿಸುತ್ತಿರುವ ಈ ಕಾಗದದ ಮೇಲೆ ಬರೆದರೆ ಅವರು ಅಚ್ಚು ಹಾಕುವುದಿಲ್ಲ, ಆದ್ದರಿಂದ ನುಂಗಿಕೊಂಡಿದ್ದೇನೆ.

ನನ್ನ ಬೇಡಿಕೆ ಇಷ್ಟು. ಸೆಮಿಸಿಯನ್ನು ಮರಳಿ ಕೆಲಸಕ್ಕೆ ಕರೆಯಿರಿ. ಸುರಿ ಎಂದವರು ಯಾರು, ಎದೆಯ ಮೇಲೆ ಮಂಡಿ ಊರಿದವರು ಯಾರು ಎಂಬುದನ್ನು, ಸುಳ್ಳು ಅಚ್ಚಾದ ಅದೇ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿರಿ. ಅವನ ಹಲ್ಲು ನಾವು ಕಟ್ಟಿಸುತ್ತೇವೆ, ಅದು ನಮ್ಮ ಕರ್ಮ, ಅದರ ಗೊಡವೆ ನಿಮಗೆ ಬೇಡ. ನಮಗಾಗಿ ಏನನ್ನೂ ಕೇಳುತ್ತಿಲ್ಲ.

ಮುಂದಿನ ತಿಂಗಳು ನೆವ್ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ವಯಸ್ಸು, ಕಾಯಿಲೆ, ಔಷಧಿಯ ಮಂಪರು ಎಂದು ಹೇಳಿದರೆ ಬಿಟ್ಟುಬಿಡುತ್ತಾರೆ ಎಂದು ವಕೀಲೆ ಹೇಳಿದ್ದಾಳೆ. ಅವನು ಒಪ್ಪಲಿಲ್ಲ.

"ಯಾವ ಮಂಪರೂ ಇರ್ಲಿಲ್ಲ. ಬೇಕಂತಲೇ ಹೊಡೆದೆ," ಎಂದ. "ತಪ್ಪಾಯ್ತು ಅಂತೀನಿ, ಏನು ಶಿಕ್ಷೆ ಕೊಡ್ತಾರೋ ಕೊಡ್ಲಿ. ಆದ್ರೆ ಯಾಕೆ ತಪ್ಪಾಯ್ತು ಅಂತಾನೂ ಹೇಳ್ತೀನಿ. ಹೊಡೆದಿದ್ದು ತಪ್ಪಲ್ಲ, ಹೊಡೆದ ಮುಖ ತಪ್ಪು."

ಆ ದಿನ ಕಟಕಟೆಯ ಹಿಂದೆ ನನ್ನ ಪಕ್ಕದಲ್ಲಿ ಸೆಮಿಸಿ ಕೂತಿರುತ್ತಾನೆ. ಅಷ್ಟರೊಳಗೆ ಅವನ ಕೆಲಸ ಅವನಿಗೆ ಸಿಗದಿದ್ದರೆ ದಯವಿಟ್ಟು ನೀವೂ ಬನ್ನಿ, ಎದುರು ಸಾಲಿನಲ್ಲೇ ನಿಮಗೊಂದು ಕುರ್ಚಿ ಹಿಡಿದಿಟ್ಟಿರುತ್ತೇನೆ. ಸರಿಯಾದ ಮುಖ ಯಾವುದಾಗಿತ್ತೆಂದು ನನ್ನ ಗಂಡ ಒಮ್ಮೆ ನೋಡಬೇಕಂತೆ.

ಇಂತಿ,
ನಿಮ್ಮ ಯಾವ ಹಡಗನ್ನೂ ಬದುಕಿರುವ ತನಕ ಹತ್ತಕೂಡದೆಂದು ನಿಮ್ಮಿಂದಲೇ ಅಪ್ಪಣೆ ಪಡೆದ,
ಅದನ್ನು ಸಂತೋಷದಿಂದ ಪಾಲಿಸುತ್ತಿರುವ,
ಗ್ವೆಂಡಾ ಶುಲ್ಟ್ಸ್