ಕನ್ನಡಿಮನೆಯಿಂದ ಮೊದಲು ಬಂದವನು

ಅಕ್ಕನ ಮಗಳು ಪುಟ್ಟಿಗೆ, ಪರದೇಶದಿಂದ ನಿನ್ನ ಸೋದರಮಾವ ಬರೆಯುವುದು.

ಭಾನುವಾರ ನಿನ್ನ ಅತ್ತೆ, ಮಗಳ ಜೊತೆ ಇಲ್ಲಿನ ಥೀಮ್ ಪಾರ್ಕಿಗೆ ಹೋಗಿದ್ದೆ. ಅಲ್ಲೊಂದು ಕನ್ನಡಿಮನೆ, ದಾರಿ ಸಿಗದೆ ಜನ ಒಳಗೇ ಅಳುತ್ತಾರಂತೆ. ಕತ್ತಲಲ್ಲಿ ಕಬ್ಬಿನ ಗದ್ದೆ ದಾಟಿದವನಿಗೆ ಇದ್ಯಾವ ಲೆಕ್ಕ ಅಂತ ಒಬ್ಬನೇ ನುಗ್ಗಿದೆ. ಎಲ್ಲ ಕನ್ನಡಿಯಲ್ಲೂ ನಾನು ನನ್ನನ್ನೇ ನೋಡುತ್ತಿದ್ದೆ. ಒಂದರಲ್ಲಿ ಮಾತ್ರ ಬೆನ್ನು ತಿರುಗಿಸಿ ನಡೆದುಹೋಗುತ್ತಿದ್ದೆ.

ಹೇಗೋ ಹೊರಬಿದ್ದರೆ ನಿನ್ನ ಅತ್ತೆ, "ಏನ್ರೀ, ಈಗ ತಾನೇ ನಮ್ ಜೊತೆ ಐಸ್‌ಕ್ರೀಮ್ ತಿಂದು, ನೀರು ತರ್ತೀನಿ ಅಂತ ಆ ಕಡೆ ಹೋದ್ರಲ್ಲ, ಈ ಕಡೆಯಿಂದ ಹೇಗೆ ಬಂದ್ರಿ?" ಎಂದಳು.

"ಆಗ ಅಪ್ಪ ಒಂಚೂರೂ ಜಂಬ ಕೊಚ್ಚಲಿಲ್ಲಮ್ಮ," ಎಂದಳು ಮಗಳು.

"ಹಾಗಾದ್ರೆ ಅವನು ನಾನಲ್ಲ ಬಿಡು!" ಎಂದು ನಕ್ಕೆ. ಇಬ್ಬರೂ ನಗಲಿಲ್ಲ.

ಐಸ್‌ಕ್ರೀಮ್ ಮುಟ್ಟದ ನನಗೆ ಅಂದಿನಿಂದ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯುತ್ತಿದ್ದೇನೆ. ನಿನ್ನ ಅತ್ತೆ ನನಗೆ ಊಟ ಬಡಿಸುವಾಗಲೆಲ್ಲ ಬಾಗಿಲ ಕಡೆ ನೋಡುತ್ತಾಳೆ.

ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಅದಕ್ಕೂ ಮುಂಚೆ ನನ್ನ ಹಾಗಿರುವವನು ಬಂದು ಬಾಗಿಲು ತಟ್ಟಿ, ಜಂಬ ಕೊಚ್ಚದೆ ನಿಂತರೆ, ಎಷ್ಟೇ ಒಳ್ಳೆಯವನಂತೆ ಕಂಡರೂ ಒಳಗೆ ಬಿಡಬೇಡ. ಅಕ್ಕನಿಗೂ ಹೇಳು. ಕಾರ್ಡು ತುಂಬಿತು.

ಇಂತಿ, ಜಂಬದ ಮಾವ