ಬಾಣಂತಿಗೆ ಆಗುವ ಸೊಪ್ಪು

ಶಿಲುವೊ, ತೈವಾನ್
೧೩ ಏಪ್ರಿಲ್ ೨೦೦೮

ಕಾನ್ ಥೋದಲ್ಲಿರುವ ಬೀಗಿತ್ತಿಯವರಿಗೆ,

ನಿಮ್ಮ ಮಗಳು ತ್ರಾಮ್‌ಳ ಅತ್ತೆ ಸು-ಚು ಮಾಡುವ ನಮಸ್ಕಾರಗಳು. ಮಗಳೂ ಮೊಮ್ಮಗಳೂ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ಗಾಬರಿಯಾಗಬಾರದು. ಫೋನಿದ್ದೂ ಕಾಗದ ಏಕೆಂದರೆ, ಫೋನಿನಲ್ಲಿ ನಮ್ಮಿಬ್ಬರ ಮಾತು ದಾಟಿಸುವವಳು ನಿಮ್ಮ ಮಗಳೇ. ನಾನು ಉದ್ದಕ್ಕೆ ಒಂದು ಪ್ರಶ್ನೆ ಕೇಳಿದರೆ ಅವಳು ನಿಮಗೆ ಎರಡು ಪದ ಹೇಳುತ್ತಾಳೆ, ನೀವು ಕಾಲು ಗಂಟೆ ಮಾತಾಡುತ್ತೀರಿ, ಅವಳು ನನ್ನ ಕಡೆ ತಿರುಗಿ "ತಿನ್ಬೋದಂತೆ" ಎನ್ನುತ್ತಾಳೆ. ಅದಕ್ಕೇ ಇಲ್ಲಿ ಸಂತೆಬೀದಿಯಲ್ಲಿ ನೂಡಲ್ಸ್ ಅಂಗಡಿ ಇಟ್ಟಿರುವ ನಿಮ್ಮ ಕಡೆಯ ಹೆಂಗಸು ದಿಯೆಪ್‌ಳನ್ನು ಹಿಡಿದು ಕೂರಿಸಿದ್ದೇನೆ. ನಾನು ಹೇಳುತ್ತೇನೆ, ಅವಳು ನಿಮ್ಮ ಭಾಷೆಯಲ್ಲಿ ಬರೆಯುತ್ತಾಳೆ. ನನ್ನ ಮಾತಿಗೆ ಸಕ್ಕರೆ ಬೆರೆಸಬೇಡ ಎಂದು ತಾಕೀತು ಮಾಡಿದ್ದೇನೆ.

ನಮ್ಮಲ್ಲಿ ಹೆತ್ತವಳಿಗೆ ಮೂವತ್ತು ದಿನ ಪಥ್ಯ. ಎಳ್ಳೆಣ್ಣೆ, ಬಲಿತ ಶುಂಠಿ, ಅಕ್ಕಿಯ ಮದ್ಯದಲ್ಲಿ ಬೇಯಿಸಿದ ಕೋಳಿ. ಉಪ್ಪಿಲ್ಲ, ತಣ್ಣೀರಿಲ್ಲ, ಮೂಲಂಗಿ ಎಲೆಕೋಸು ಇಲ್ಲವೇ ಇಲ್ಲ. ನನ್ನ ಅತ್ತೆ ನನಗೆ ಹೀಗೇ ಮಾಡಿದರು, ಐವತ್ತನಾಲ್ಕು ತುಂಬಿದರೂ ನನ್ನ ಮಂಡಿ ನೋಯುವುದಿಲ್ಲ. ತ್ರಾಮ್ ಮಾತ್ರ ಮೂರು ದಿನ ಬಟ್ಟಲು ನೋಡಿ ಮುಖ ತಿರುಗಿಸಿದಳು. "ಅಮ್ಮಾ, ಉಪ್ಪಿಲ್ದೆ ಗಂಟಲಲ್ಲಿ ಇಳಿಯಲ್ಲ" ಎಂದಳು. ನಿಮ್ಮಲ್ಲಿ ಬಾಣಂತಿಗೆ ಮೆಣಸು ಜಡಿದು, ಉಪ್ಪುಪ್ಪಾಗಿ ಬತ್ತಿಸಿದ ಹಂದಿಮಾಂಸ ಕೊಡುತ್ತಾರಂತೆ. ಉಪ್ಪು ತಿಂದರೆ ಮೈ ಊದುತ್ತದೆ ಎಂದು ನಾನು, ತಿನ್ನದಿದ್ದರೆ ಮೈ ಗಟ್ಟಿಯಾಗುವುದಿಲ್ಲ ಎಂದು ಅವಳು. ನಡುವೆ ನನ್ನ ಮಗ ಚಿಂಗ್-ಫಾ ಕಿವಿ ಕೇಳದವನಂತೆ ಟಿ.ವಿ. ನೋಡುತ್ತಿದ್ದ.

ನಾನು ಹಟಮಾರಿ ನಿಜ, ಆದರೆ ಮೂರ್ಖಳಲ್ಲ. ಒಂದೊಂದನ್ನೇ ವಿಚಾರಿಸಿ ತೀರ್ಮಾನ ಮಾಡಿದೆ. ಮೆಣಸು ಉಷ್ಣ, ನಮ್ಮ ಶುಂಠಿಗೆ ನೆಂಟ, ಆಗಬಹುದು. ಹಂದಿಮಾಂಸವೂ ಆಗಬಹುದು, ಅರ್ಧ ಉಪ್ಪಿನಲ್ಲಿ. ಎಳನೀರು ತಂಪು, ಬೇಡವೆಂದರೆ ಬೇಡ. ನಿಮ್ಮ ಮೀನಿನ ಸಾಸಿನ ವಿಷಯಕ್ಕೆ ಬಂದರೆ, ನಾನು ಮೂವತ್ತು ವರ್ಷ ಸೋಯಾ ಸಾಸಿನ ಜಾಡಿಗಳ ನಡುವೆ ದುಡಿದವಳು. ಆ ವಾಸನೆಗೆ ಮೂಗು ಮುಚ್ಚಿಕೊಂಡೇ ದಿನಕ್ಕೊಂದು ಚಮಚ ಎಂದೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರಲ್ಲ, ಅವಳಿಗೆ ಇಲ್ಲಿ ಎರಡೂ ಇರಲಿಲ್ಲ. ಒಂದನ್ನಾದರೂ ಕೊಡೋಣ ಎನಿಸಿತು.

ಆರನೆಯ ದಿನಕ್ಕೂ ಹಾಲು ಇಳಿಯಲಿಲ್ಲ. ಮಗು ಎದೆ ಚೀಪಿ ಚೀಪಿ ಸೋತು ಅಳುತ್ತಿತ್ತು, ಡಬ್ಬಿಯ ಹಾಲು ಕೊಟ್ಟರೆ ಅರ್ಧ ಕುಡಿದು ಅರ್ಧ ಕಕ್ಕುತ್ತಿತ್ತು. ಆಗ ತ್ರಾಮ್ ಹಿತ್ತಿಲಲ್ಲಿ ತಾನೇ ನೆಟ್ಟು ಬೆಳೆಸಿದ್ದ ಗಿಡ ತೋರಿಸಿ, "ಈ ಸೊಪ್ಪಿನ ಸಾರು ಮಾಡ್ಕೊಡಿ ಅಮ್ಮಾ, ನಮ್ಮೂರಲ್ಲಿ ಬಾಣಂತಿಗೆ ಮೊದ್ಲು ಕೊಡೋದೇ ಇದು" ಎಂದಳು. ಹತ್ತಿರ ಹೋದೆ. ಎಲೆಗಳ ಅಡಿಯಲ್ಲಿ ತೂಗುವ ಪುಟ್ಟ ಕೆಂಪು ಹೂವುಗಳನ್ನು ಕಂಡದ್ದೇ ಗುರುತು ಸಿಕ್ಕಿತು. ಬೇರುಸಹಿತ ಕಿತ್ತು ಅದರ ಮೇಲೆ ಕುದಿನೀರು ಸುರಿದೆ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಆಮೇಲೆ ಎರಡು ದಿನ ಏನನ್ನೂ ಮುಟ್ಟಲಿಲ್ಲ. ಬೀಗಿತ್ತಿಯವರೇ, ಇದು ನನ್ನ ತಪ್ಪು. ಹೊಟ್ಟೆಗಿಲ್ಲದೆ ಮಲಗಿದ ನಿಮ್ಮ ಮಗಳನ್ನು ನೋಡಿ ನನಗೆ ನಾಚಿಕೆಯಾಯಿತು.

ಆ ಸೊಪ್ಪಿಗೆ ನಮ್ಮಲ್ಲಿ ತೆಳ್ಳಗಾಗುವ ಸೊಪ್ಪು ಎನ್ನುತ್ತಿದ್ದರು. ಹದಿಮೂರು ವರ್ಷದ ಹಿಂದೆ ಹೆಂಗಸರು ಅದನ್ನು ಹಸಿಯಾಗಿ ರುಬ್ಬಿ ರಸ ಕುಡಿಯುವ ಹುಚ್ಚು ಹತ್ತಿಸಿಕೊಂಡಿದ್ದರು. ನನ್ನ ತಂಗಿ ಸು-ಯೂನ್ ಮದುವೆಯ ಉಡುಪು ಸೊಂಟಕ್ಕೆ ಸರಿಹೋಗಲಿ ಎಂದು ಏಳು ವಾರ ಕುಡಿದಳು. ಆಮೇಲೆ ಮೆಟ್ಟಿಲು ಹತ್ತಲಾರದೆ ಹೋದಳು. ಶ್ವಾಸಕೋಶ ಕೆಟ್ಟಿದೆ, ಇನ್ನು ಸರಿಹೋಗುವುದಿಲ್ಲ ಎಂದರು ಡಾಕ್ಟರು. ಎರಡು ವರ್ಷ ಮೂಗಿಗೆ ನಳಿಗೆ ಹಾಕಿಕೊಂಡು ಬದುಕಿ, ಹೋದಳು. ಆ ಗಿಡ ನನ್ನ ಹಿತ್ತಿಲಲ್ಲೇ ನಿಂತಿದೆ ಎಂದರೆ ನಾನು ಹೇಗೆ ಸಹಿಸಲಿ?

ಆದರೆ ಹಸಿದ ಮಗುವಿಗೆ ಇದೆಲ್ಲ ತಿಳಿಯುವುದಿಲ್ಲ. ದಿಯೆಪ್‌ಳ ಅಂಗಡಿಗೆ ಹೋದೆ. ನಿಮ್ಮ ದೇಶದಿಂದ ಬಂದ ಏಳು ಸೊಸೆಯಂದಿರು ಸಿಕ್ಕರು. ಎಲ್ಲರೂ ಬಾಣಂತನದಲ್ಲಿ ಅದನ್ನು ತಿಂದವರೇ, ಎಲ್ಲರೂ ಬೇಯಿಸಿಯೇ ತಿಂದವರು. ಹಸಿ ರಸ ಕುಡಿಯುವುದಿಲ್ಲವೇ ಎಂದು ಕೇಳಿದೆ. "ಹಸೀದ್ ಯಾರ್ ಕುಡೀತಾರೆ ಅಜ್ಜೀ, ನಾವೇನ್ ಮೇಕೆಗಳಾ?" ಎಂದು ಒಬ್ಬಳು ಅಂದಳು, ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ತಂಗಿಯನ್ನು ನೋಡಿದ ಡಾಕ್ಟರ ಹತ್ತಿರವೂ ಹೋದೆ. "ಆಗ ಕಾಯಿಲೆ ಬಿದ್ದೋರಲ್ಲಿ ಹೆಚ್ಚಿನೋರು ವಾರಗಟ್ಟಲೆ ಹಸಿರಸ ಕುಡಿದೋರು. ಚೆನ್ನಾಗಿ ಬೇಯಿಸಿ ಸ್ವಲ್ಪ ತಿಂದ್ರೆ ಭಯ ಕಮ್ಮಿ. ಆದ್ರೆ ತಿನ್ನಿ ಅಂತ ನಾನು ಬರೆದು ಕೊಡಲ್ಲ" ಎಂದರು. ತೀರ್ಮಾನ ಮತ್ತೆ ನನ್ನ ತಲೆಗೇ ಬಂತು.

ಸರಿ, ದಿಯೆಪ್‌ಳಿಂದ ಒಂದು ಕಟ್ಟು ಸೊಪ್ಪು ತಂದು ಸಾರು ಮಾಡಿದೆ. ಬಟ್ಟಲು ಹಿಡಿದು ತ್ರಾಮ್‌ಳ ಮಂಚದ ಎದುರು ಕೂತೆ. "ನೀನು ನನ್ನ ಕೋಳಿ ತಿನ್ನು, ನಾನು ನಿನ್ನ ಸೊಪ್ಪು ತಿಂತೀನಿ. ಐದು ದಿನ ನಂಗೇನೂ ಆಗ್ದಿದ್ರೆ ನಿಂಗೂ ಒಂದು ಬಟ್ಟಲು" ಎಂದೆ. ಮಗ ಬಾಗಿಲಲ್ಲಿ ನಿಂತು, "ಹೆತ್ತೋಳು ಅವಳೋ ನೀನೋ ಅಮ್ಮಾ?" ಎಂದ. ಟಿ.ವಿ. ನೋಡು ಹೋಗು ಎಂದೆ. ತ್ರಾಮ್ ನನ್ನನ್ನೇ ದಿಟ್ಟಿಸುತ್ತಾ ಕೋಳಿಯ ಒಂದು ತುಂಡು ಬಾಯಿಗಿಟ್ಟುಕೊಂಡಳು.

ದಿನವೂ ಸಾರು ಕುಡಿದು, ತೀರಿಹೋದ ಹಿರಿಯರ ಪೂಜಾಪೀಠವಿರುವ ಮೂರನೆಯ ಮಹಡಿಗೆ ಮೂರು ಸಲ ಹತ್ತಿ ಇಳಿದೆ. ಉಸಿರು ಸಿಕ್ಕಿಕೊಳ್ಳುತ್ತದೆಯೋ ಎಂದು ನೋಡಿದೆ. ನಾಲ್ಕನೆಯ ದಿನ ತ್ರಾಮ್ ಮಗುವನ್ನೆತ್ತಿಕೊಂಡು ಮೆಟ್ಟಿಲ ಬುಡಕ್ಕೆ ಬಂದು, "ಸಾಕು ಅಮ್ಮಾ, ಇಳೀರಿ, ನಂಗೆ ಭಯ ಆಗ್ತಿದೆ" ಎಂದು ಅತ್ತಳು. ಬಾಣಂತಿ ಅಳಬಾರದು, ಕಣ್ಣು ಹಾಳಾಗುತ್ತದೆ ಎಂದು ಗದರಿಸಿ ಐದನೆಯ ದಿನವೂ ಹತ್ತಿದೆ. ಆರನೆಯ ದಿನ ಅವಳಿಗೆ ಬಟ್ಟಲು ಕೊಟ್ಟೆ. ಎರಡು ದಿನದಲ್ಲಿ ಹಾಲು ಇಳಿಯಿತು. ಸೊಪ್ಪಿನಿಂದಲೋ ಕೋಳಿಯಿಂದಲೋ ಎಂದು ದಯವಿಟ್ಟು ಕೇಳಬೇಡಿ. ಕೋಳಿಯಿಂದ ಎಂದು ಊರಿಗೆಲ್ಲ ಹೇಳಿಯಾಗಿದೆ.

ಇಂದಿಗೆ ಇಪ್ಪತ್ತೆರಡನೆಯ ದಿನ. ನನ್ನ ಕಟ್ಟಳೆ ಇಷ್ಟು: ವಾರಕ್ಕೆ ಎರಡು ಬಟ್ಟಲು, ಚೆನ್ನಾಗಿ ಬೆಂದಿರಬೇಕು, ಬೇಯಿಸುವವಳು ನಾನೇ. ನೀವೂ ಅವಳಿಗೆ ಇದನ್ನೇ ಹೇಳಬೇಕು. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಬಾಯಾಗಿರಬೇಕು.

ನಿಮ್ಮ ಮಗಳನ್ನು ಕಾಯುತ್ತಿರುವ,
ಲಿಯಾವ್ ಸು-ಚು

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಸು-ಯೂನ್‌ಗೆ ಆ ಏಳು ವಾರ ದಿನಾ ಬೆಳಿಗ್ಗೆ ರಸ ರುಬ್ಬಿ ಕೊಟ್ಟವಳು ನಾನು. ಕುಡಿಯಲಾರೆ, ಸಾಕು ಎಂದು ಅವಳು ಬಿಡಲು ಹೊರಟಾಗ ಅನಾನಸ್ ಬೆರೆಸಿ ಕುಡಿಸಿದೆ. ಇದು ನನ್ನ ಮಗನಿಗೂ ಗೊತ್ತಿಲ್ಲ. ಕೇಳಿದ್ದೇ ದಿಯೆಪ್ ಪೆನ್ನು ಕೆಳಗಿಟ್ಟಳು, ಬರಿ ಎಂದೆ. ತ್ರಾಮ್‌ಗೆ ಫೋನಿನಲ್ಲಿ ನೀವೇ ಹೇಳಿ. ಹೇಳುವಾಗ ನಾನು ಅವಳ ಪಕ್ಕದಲ್ಲೇ ಕೂತಿರುತ್ತೇನೆ.