ಹಾಸಬಂಡಿಯ ಕಸುಬೆಣಿಕೆ

ಹಾಸಬಂಡಿ, ಕಲಬುರಗಿ ಸೀಮೆ
ಉರಿದಿಂಗಳ ಮೂವತ್ತೆಂಟನೆಯ ದಿನ, ಇಸವಿ ೨೧೯೧

ನೂರ ಅರವತ್ತು ವರ್ಷಗಳಾಚೆ ಬಾಳುತ್ತಿರುವ ಹಾಸಬಂಡಿಯ ಹಿರಿಯರಿಗೆ ಗುರುಬಾಯಿಯ ಶರಣು.

ತಿಂಗಳಿಗೆ ಮೂವತ್ತೆಂಟನೆಯ ದಿನ ಹೇಗೆ ಬಂತೆಂದು ನೀವು ಹುಬ್ಬೇರಿಸಬಹುದು. ತಪ್ಪು ಬರೆದಿಲ್ಲ. ಹಗಲು ಬಯಲಲ್ಲಿ ದುಡಿಯಲಾಗದ ಬೇಸಿಗೆಯ ನಲವತ್ತೈದು ದಿನಗಳನ್ನು ನಾವು ಒಂದೇ ತಿಂಗಳಾಗಿ ಎಣಿಸಿ ಉರಿದಿಂಗಳು ಎನ್ನುತ್ತೇವೆ. ಇಂಥ ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಬೇಕು. ಹಿಂದಿನವರಿಗೆ ಬರೆಯುವ ಅಂಚೆ ನಮ್ಮೂರಿಗೆ ಈಗಷ್ಟೇ ಬಂದಿದೆ, ಮನೆಗೊಂದೇ ಕಾಗದ. ನನ್ನ ಪಾಲಿನದರಲ್ಲಿ ನಮ್ಮ ಖಣಿ ಉಳಿದ ಸಂಗತಿ ಬರೆಯುತ್ತಿದ್ದೇನೆ.

ನೆಲಕ್ಕೆ ಹಾಸುವ ಫರಸಿ ಕಲ್ಲು ಕಿತ್ತು ನೀವು ಬಿಟ್ಟುಹೋದ ಆ ದೊಡ್ಡ ಖಣಿಯೇ ಇದು. ಮೇಲೆ ನೆಲ ಕಾದ ಹೆಂಚಿನಂತಿದ್ದಾಗಲೂ ಅದರ ತಳ ತಂಪು. ಉರಿದಿಂಗಳಲ್ಲಿ ಬೆಳಗಿನ ರೊಟ್ಟಿ ತಿಂದು ಊರಿಗೆ ಊರೇ ಅಲ್ಲಿಗೆ ಇಳಿಯುತ್ತದೆ. ಕಲ್ಲು ತೆಗೆದ ಕಡೆಯೆಲ್ಲ ತಾನಾಗಿ ಮೆಟ್ಟಿಲಾಗಿದೆ. ಅದರ ಮೇಲೆ ಚಾಪೆ ಹಾಸಿ ಕೂರುತ್ತೇವೆ. ಕೆಳಗೆ ಸಂಜೆಯವರೆಗೆ ಬಯಲಾಟ. ಮದ್ದಳೆಯ ಒಂದು ಪೆಟ್ಟು ನಾಲ್ಕೂ ಗೋಡೆ ಮುಟ್ಟಿ ವಾಪಸು ಬರುತ್ತದೆ. ಬೀದರ, ಸೊಲ್ಲಾಪುರದಿಂದ ಜನ ತಂಪುಗಾಡಿಗಳಲ್ಲಿ ಬರುತ್ತಾರೆ. ತಂಪುಗಾಡಿಯೆಂದರೆ ಹಸಿ ಗೋಣಿ ಹೊದಿಸಿದ, ಬಿಸಿಲನ್ನೇ ಉಂಡು ಓಡುವ ಬಂಡಿ.

ಹನ್ನೊಂದು ವರ್ಷದ ಹಿಂದೆ ಈ ಖಣಿ ಮುಚ್ಚಿಹೋಗುವುದರಲ್ಲಿತ್ತು. ದೂರದ ಒಂದು ಪಟ್ಟಣದವರು ಬಿಸಿಲಿನಿಂದ ವಿದ್ಯುತ್ತು ಮಾಡುವ, ಆಯುಷ್ಯ ಮುಗಿದ ತಮ್ಮ ಬಿಸಿಲುಹಲಗೆಗಳನ್ನು ಇದರಲ್ಲಿ ತುಂಬುವುದಾಗಿಯೂ, ಬದಲಿಗೆ ಮೂವತ್ತು ವರ್ಷ ಊರಿಗೆ ನೀರು ಕೊಡುವುದಾಗಿಯೂ ಹೇಳಿದರು. ನೀರೆಂದರೆ ನಮ್ಮಲ್ಲಿ ಯಾರೂ ಬೇಡವೆನ್ನುವುದಿಲ್ಲ. ಊರಸಭೆಯ ಅಧ್ಯಕ್ಷ ಮಾಲಕಣ್ಣನವರು ಒಪ್ಪುವ ಮನಸ್ಸಿನಲ್ಲಿದ್ದರು. ನಾನು ಆಗ ಸಭೆಯ ಕಸುಬೆಣಿಕೆಗೆ ಹೊಸದಾಗಿ ಸೇರಿದ್ದೆ. ಯಾವ ಕೆಲಸದಿಂದ ಎಷ್ಟು ಜನ ಉಣ್ಣುತ್ತಾರೆಂದು ಬರೆದಿಡುವ ಹುದ್ದೆ ಅದು.

ಮಾಲಕಣ್ಣನವರು ನನ್ನನ್ನು ಕರೆದು, "ಆಟ ಆಡೋರು ಹದಿನೆಂಟು ಮಂದಿ ಅದಾರ. ಅವರಿಗಿ ಬ್ಯಾರೆ ಕೆಲಸ ಕೊಟ್ರ ಮುಗೀತು. ಹೆಸರು ಬರಕೊಂಡು ಬಾ" ಎಂದರು.

ಮಧ್ಯಾಹ್ನಕ್ಕೆ ಮುಗಿಯುವ ಕೆಲಸವೆಂದುಕೊಂಡು ಖಣಿಗೆ ಇಳಿದೆ. ಮೇಳ ನಡೆಸುವ ಬಸ್ಲಿಂಗಮ್ಮ ಹಿಮ್ಮೇಳದ ಕಲ್ಲಿನ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ಅರವತ್ತು ದಾಟಿದ ಹೆಂಗಸು. ದನಿ ಮಾತ್ರ ಇಪ್ಪತ್ತರದು. ನಾನು ಬಂದ ಕೆಲಸ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

"ನಮ್ಮ ಹೆಸರು ಎಲ್ಲಿಗೂ ಓಡಿ ಹೋಗಲ್ಲ ತಂಗಿ" ಎಂದರು. "ಮೊದಲ ಈ ಕಿರೀಟ ಯಾರು ಮಾಡ್ಯಾರ, ಅವರನ್ನ ಬರಕೋ."

ಕಿರೀಟ ಮಾಡುವ ಕಾಸೀಂಸಾಬರನ್ನು ಹುಡುಕಿಕೊಂಡು ಹೋದೆ. ಅವರು ಪಡಸಾಲೆಯಲ್ಲಿ ಚಾಪೆ ಬಿಡಿಸಿ ಕೂರಿಸಿದರು. "ನಾ ಒಬ್ಬನೇ ಮಾಡಲ್ರೀ ಅಕ್ಕೋರೆ. ಕಟಿಗಿ ಕೊರಿಯೋದು ನನ್ನ ಅಳಿಯ. ಬಣ್ಣ ಅರಿಯೋದು ಮ್ಯಾಲಿನ ಓಣಿ ಅಕ್ಕತಂಗೇರು. ಹೋದ ವರ್ಷ ನಾಂದೇಡ ಮೇಳದವರೂ ನಮ್ಮ ಕಡಿಂದೇ ಒಯ್ದರು" ಎಂದು ಹೇಳಿ, ಅಳಿಯನ ಮನೆಯ ದಾರಿ ತೋರಿಸಿದರು.

ಮೇಲಿನ ಓಣಿಯ ಅಕ್ಕತಂಗಿಯರಿಂದ ಅಂಟು ಕಾಯಿಸುವವನ ಬಳಿಗೆ, ಅಲ್ಲಿಂದ ಜರಿ ಹೊಲಿಯುವ ಐದು ಮನೆಗಳಿಗೆ ಹೋದೆ. ಆಟ ನೋಡಲು ಬಂದವರಿಗೆ ರೊಟ್ಟಿ ಬಡಿಯುವವರು, ತಂಪುಗಾಡಿಗಳ ಗೋಣಿ ನೆನೆಸುವವರು, ಗಂಟಲು ಕಟ್ಟಿದರೆ ಕಷಾಯ ಕೊಡುವ ವೈದ್ಯರು, ಅವರಿಗೆ ಬೇರು ತಂದುಕೊಡುವವರು ಸಿಕ್ಕರು. ಪದ ಹಾಡುವುದನ್ನು ಕಲಿಯಲು ಪರವೂರಿನಿಂದ ಬಂದು ಉಳಿದವರೇ ನೂರಕ್ಕೆ ಹತ್ತಿರವಿದ್ದರು. ಒಬ್ಬರ ಹೆಸರು ಬರೆದರೆ ಅವರು ಇನ್ನಿಬ್ಬರನ್ನು ತೋರಿಸುತ್ತಿದ್ದರು. ಮೊದಲ ದಿನ ನನಗೆ ಬೇಸರವಾಗಿತ್ತು, ನಿಜ. ಮೂರನೆಯ ದಿನದ ಹೊತ್ತಿಗೆ ಬುತ್ತಿ ಬಿಚ್ಚುವುದನ್ನೂ ಮರೆಯುತ್ತಿದ್ದೆ. ಹುಟ್ಟಿದಂದಿನಿಂದ ಓಡಾಡಿದ ಓಣಿಗಳೇ. ಅವು ಯಾವುದರಿಂದ ಬದುಕಿವೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಹನ್ನೆರಡು ದಿನ ತಿರುಗಿ ನಾನೂರ ಹನ್ನೆರಡು ಕಸುಬುದಾರರನ್ನು ಬರೆದೆ. ನಾನೂರ ಹದಿಮೂರನೆಯ ಹೆಸರಿಗೆ ಬಂದಾಗ ಲೇಖನಿ ಕೆಳಗಿಟ್ಟೆ. ನೌಕರಿ ಹೋದೀತೆಂಬ ಹೆದರಿಕೆ. ಆದರೂ ಬರೆದೆ.

ಸಭೆ ಖಣಿಯಲ್ಲೇ ಸೇರಿತು. ಕಚೇರಿಯಲ್ಲಿ ಕೂರಲಾಗದಷ್ಟು ಸೆಕೆ. ನಾನು ಓದತೊಡಗಿದೆ. ಓದಿದಂತೆ ಮೇಲಿನ ಮೆಟ್ಟಿಲುಗಳಿಂದ, "ನಮ್ಮದು ಬಿಟ್ಟೀರಿ" ಎಂದು ದನಿಗಳು ಬರುತ್ತಿದ್ದವು. ಮಾಲಕಣ್ಣನವರು ಮೀಸೆ ಕಚ್ಚುತ್ತ ಕೂತಿದ್ದರು. ಕೊನೆಗೆ ಓದಿದೆ: "ಅಧ್ಯಕ್ಷರ ತಾಯಿಯವರು. ಪದ ಕಲಿಯುವ ನಾಲ್ವರಿಗೆ ಮಾಳಿಗೆ ಬಾಡಿಗೆ. ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿ ಮಾರಾಟ."

ಜನರೆಲ್ಲ ಅಧ್ಯಕ್ಷರ ಕಡೆ ತಿರುಗಿದರು. ಮೂರನೆಯ ಮೆಟ್ಟಿಲಿನಿಂದ ಆ ಮುದುಕಿ ಎದ್ದು ನಿಂತರು. "ಬರೋ ತಿಂಗಳ ಇನ್ನಿಬ್ಬರು ಬರ್ಲತ್ತಾರ. ಅದನ್ನೂ ಬರಕೋ ಯವ್ವಾ" ಎಂದರು.

ಜನ ನಕ್ಕ ನಗು ಗೋಡೆಗೆ ಬಡಿದು ತಿರುಗಿ ಬಂತು. ಮಾಲಕಣ್ಣನವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡು ತಾವೂ ನಕ್ಕರು. ಆಮೇಲೆ ವಲ್ಲಿ ತೆಗೆದು, "ನಗೋದೇನೋ ಖರೆ. ನೀರು ಎಲ್ಲಿಂದ ತರ್ಲಿ?" ಎಂದು ಕೇಳಿದರು.

ಬಸ್ಲಿಂಗಮ್ಮ ಎದ್ದರು. "ಹೊಳಿಯಿಂದ ಪೈಪ್ ಹಾಕೋಣ. ದಾರ್ಯಾಗಿನ ಹತ್ತೂ ಊರಾಗ ನಾವು ಆಟ ಆಡ್ತೀವಿ. ನೋಡ್ಲಿಕ್ಕಿ ಬಂದೋರು ಕೊಟ್ಟದ್ದೆಲ್ಲ ಪೈಪಿಗೇ. ಕಿರೀಟ ಮಾಡೋರು, ರೊಟ್ಟಿ ಬಡಿಯೋರು ನಮ್ಮ ಜೋಡಿ ಬರ್ಲಿ."

ಖಣಿ ಮುಚ್ಚುವುದು ಬೇಡವೆಂದು ಮೊದಲು ಕೈ ಎತ್ತಿದವರು ಮಾಲಕಣ್ಣನವರೇ.

ಪೈಪು ಬರಲು ಮೂರು ವರ್ಷ ಹಿಡಿಯಿತು. ಆ ಹತ್ತು ಊರುಗಳ ಪೈಕಿ ನಾಲ್ಕರಲ್ಲಿ ಈಗ ಸ್ವಂತ ಮೇಳಗಳಿವೆ, ಜರಿ ಹೊಲಿಯುವ ಮನೆಗಳಿವೆ. ನೀರು ಇಂದಿಗೂ ದಿನ ಬಿಟ್ಟು ದಿನ ಬರುತ್ತದೆ, ಸುಳ್ಳು ಬರೆಯಲಾರೆ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು ಹೊಸ ಆಟದ ಪದ ಗುನುಗುತ್ತಾರೆ, ತಪ್ಪಿದರೆ ಹಿಂದಿನವರು ತಿದ್ದುತ್ತಾರೆ. ಮೇಳದಲ್ಲಿ ಈಗ ಅರವತ್ತೊಂದು ಜನರಿದ್ದಾರೆ.

ಹಿರಿಯರೇ, ನಿಮ್ಮ ದಿನಗಳಲ್ಲಿ ಆ ಖಣಿ ಬರೀ ಹಾಳು ಗುಂಡಿಯಾಗಿ ಕಾಣುತ್ತಿರಬಹುದು. ಅದನ್ನು ತುಂಬಬೇಡಿ. ಎಲ್ಲಾದರೂ ನಾಲ್ಕು ಜನ ಬಣ್ಣ ಹಚ್ಚಿಕೊಂಡು ಹಾಡುತ್ತಿದ್ದರೆ ಹೋಗಿ ಕೂತು ಪೂರ್ತಿ ನೋಡಿ. ಮುಗಿದ ಮೇಲೆ ನೆಟ್ಟಗೆ ಮನೆಗೆ ನಡೆಯಬೇಡಿ. ಹೊರಗೆ ಬುಟ್ಟಿ ಇಟ್ಟುಕೊಂಡು ಕೂತವಳ ಹತ್ತಿರ ಒಂದಿಷ್ಟು ಚುರುಮುರಿ ಕೊಂಡು, ಅವಳ ಹೆಸರು ಕೇಳಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಗುರುಬಾಯಿ